ಬಣ್ಣ ಕಾಯುವ ಶಿವಕಾಂತಾ

ಪುಣೆ ಜಿಲ್ಲೆಯ ಕುರಕುಂಭದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ರಾಸಾಯನಿಕ ಕಾರ್ಖಾನೆಯೊಂದರ ಗಾಜಿನ ಕ್ಯಾಬಿನ್ನಿನಲ್ಲಿ ಶಿವಕಾಂತಾ ಕಂಪ್ಯೂಟರಿನ ಮುಂದೆ ನಿಂತೇ ಇದ್ದಾರೆ. ಕುರ್ಚಿ ಹಿಂದೆಯೇ ಇದೆ, ಕೂರುವ ಮನಸ್ಸಿಲ್ಲ. ಕಪ್ಪು ಪರದೆಯ ಮೇಲೆ ಇಂಗ್ಲಿಷಿನ ಎರಡು ಮೂರು ಸಾಲು ಮೂಡಿ ನಿಂತಿದೆ. ಅವರು ಕೀಲಿ ಒತ್ತುತ್ತಾರೆ, ಅದೇ ಸಾಲು ಮತ್ತೆ ಬರುತ್ತದೆ. ಇನ್ನೊಮ್ಮೆ ಒತ್ತುತ್ತಾರೆ, ಮತ್ತೆ ಅದೇ.

"ಬಣ್ಣದ ಮಾಡ್ಯೂಲ್ ಸಿಗವಲ್ದು ಅಂತದ್ರಿ" ಎಂದು ನನ್ನತ್ತ ತಿರುಗದೆಯೇ ಹೇಳುತ್ತಾರೆ. "ನೀವು ಬಂದ ದಿನಾನೇ ಹಿಂಗ ಆಗಬೇಕಾ? ಕೂಡ್ರಿ ಸರ್. ಏನ್ ಕೇಳೋದಿದ್ರೂ ಆಮ್ಯಾಲ ಕೇಳ್ರಿ, ಈಗ ಬ್ಯಾಡ್ರಿ."

ನಾನು ತೆಪ್ಪಗೆ ಮೂಲೆಯ ಸ್ಟೂಲಿನ ಮೇಲೆ ಕೂರುತ್ತೇನೆ. ವಾರಾಂತ್ಯದ ಪುರವಣಿಗೆ ಇವರ ಬಗ್ಗೆ ಬರೆಯುತ್ತೇನೆಂದು ಕಾರ್ಖಾನೆಯವರ ಕೈಕಾಲು ಹಿಡಿದು ಒಳಗೆ ಬಂದವನು ನಾನು. ಕಾರ್ಖಾನೆಯ ಹೆಸರು ಬರೆಯಕೂಡದು ಎಂಬ ಷರತ್ತಿನ ಮೇಲೆ ಬಿಟ್ಟಿದ್ದಾರೆ. ಕೆಲಸ ಮಾಡುತ್ತಾ ನಗುತ್ತಿರುವ ಫೋಟೋ ಒಂದು ಬೇಕೆಂದು ಸಂಪಾದಕರು ಹೇಳಿ ಕಳಿಸಿದ್ದಾರೆ. ಆ ಮುಖ ನೋಡಿದರೆ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯುವ ಧೈರ್ಯವೂ ಬರುತ್ತಿಲ್ಲ.

ಶಿವಕಾಂತಾ ಅವರ ಕೆಲಸ ಇಷ್ಟು. ಕಾರ್ಖಾನೆಯಲ್ಲಿ ಐದು ಷೆಡ್ಡುಗಳಿವೆ. ಒಂದೊಂದರಲ್ಲೂ ಗಾಳಿಯಲ್ಲಿನ ಆವಿಯನ್ನು ಅಳೆಯುವ ಯಂತ್ರ ಕೂರಿಸಿದ್ದಾರೆ. ಆ ಅಳತೆಗಳೆಲ್ಲ ತಂತಿಯ ಮೂಲಕ ಈ ಕಂಪ್ಯೂಟರಿಗೆ ಬರುತ್ತವೆ, ಇಲ್ಲಿರುವ ಪ್ರೋಗ್ರಾಂ ಷೆಡ್ಡಿಗೊಂದರಂತೆ ಐದು ಸಾಲು ಬರೆಯುತ್ತಾ ಹೋಗುತ್ತದೆ. ಇದರಲ್ಲಿ ಚಿತ್ರವಿಲ್ಲ, ಮೌಸು ಹಿಡಿದು ಒತ್ತುವ ಗುಂಡಿಗಳಿಲ್ಲ, ಬರೀ ಕಪ್ಪು ಹಿನ್ನೆಲೆಯ ಮೇಲೆ ದಪ್ಪ ಅಕ್ಷರಗಳು. ಆವಿಯ ಅಳತೆ ಹತ್ತರ ಒಳಗಿದ್ದರೆ ಸಾಲು ಹಸಿರು. ಹತ್ತು ದಾಟಿದರೆ ಹಳದಿ, ಮೂಗಿಗೆ ಮಾಸ್ಕ್ ಇಲ್ಲದೆ ಒಳಗೆ ಹೋಗುವಂತಿಲ್ಲ. ಇಪ್ಪತ್ತು ದಾಟಿದರೆ ಕೆಂಪು, ಒಂದು ಕಿಡಿ ಬಿದ್ದರೂ ಷೆಡ್ಡು ಉಳಿಯುವುದಿಲ್ಲ. ಆಗ ಮುಖ್ಯ ಗೇಟಿಗೆ ಫೋನು ಮಾಡಬೇಕು, ಅವರು ಭೋಂಗಾ, ಅಂದರೆ ಸೈರನ್ನು, ಊದಿಸಿ ಎಲ್ಲರನ್ನೂ ಹೊರಗೆ ಕರೆಯುತ್ತಾರೆ. ಪಾಳಿ ಮುಗಿಯುವವರೆಗೆ ಆ ಐದು ಸಾಲುಗಳ ಮೇಲಿಂದ ಕಣ್ಣು ಕೀಳದೆ ಕೂತಿರುವುದು ಶಿವಕಾಂತಾ ಅವರ ಪಾಲಿಗೆ ಬಂದ ಕೆಲಸ.

ಇವತ್ತು ಬೆಳಗಿನ ಜಾವ ಕರೆಂಟು ಝಟ್ಕಾ ಹೊಡೆದು ಹಳೆಯ ಕಂಪ್ಯೂಟರು ಸುಟ್ಟುಹೋಗಿದೆ. ಹಿಂದಿನ ಪಾಳಿಯ ಋಷಿಕೇಶ ಎಂಬವರು ಸ್ಟೋರಿನಲ್ಲಿದ್ದ ಬೇರೆ ಕಂಪ್ಯೂಟರು ತಂದು ಜೋಡಿಸಿ, ಪ್ರೋಗ್ರಾಮನ್ನು ಫ್ಲಾಪಿಯಿಂದ ಅದಕ್ಕೆ ಇಳಿಸಿ ಮನೆಗೆ ಹೋಗಿದ್ದಾರೆ. ಇಳಿಸಿದ್ದೇನೋ ಸರಿಯೇ, ಆದರೆ ಅದು ಮೊದಲ ಹೆಜ್ಜೆಯಲ್ಲೇ ಮುಗ್ಗರಿಸಿ ನಿಂತಿದೆ. ಪರದೆ ನಡೆಯದೆ ಯಾರನ್ನೂ ಷೆಡ್ಡಿನೊಳಗೆ ಬಿಡುವಂತಿಲ್ಲ ಎಂಬುದು ಕಾರ್ಖಾನೆಯ ನಿಯಮ. ಬೆಳಗಿನ ಪಾಳಿಯವರು ಆಗಲೇ ಗೇಟಿಗೆ ಬಂದು ನಿಂತಿದ್ದಾರೆ. ಪಾಳಿಯ ಮೇಲ್ವಿಚಾರಕ ಪಂಢರಿನಾಥ ಒಳಗೂ ಹೊರಗೂ ಓಡಾಡುತ್ತಿದ್ದಾರೆ. ಬೆಳಗಾವಿ ಕಡೆಯವರು, ಒಳ್ಳೆಯವರೇ, ಆದರೆ ಗಡಿಬಿಡಿಯ ಮನುಷ್ಯ.

"ಶಿವಕಾಂತಾ, ಮ್ಯಾಲಿಂದ ಫೋನ್ ಮ್ಯಾಲ ಫೋನ್ ಬರಾಕತ್ತಾವ. ಗೇಟಿನ್ಯಾಗ ಮಂದಿ ನಿಂತಾರ. ಏನ್ ಹೇಳ್ಲಿ ನಾ?"

"ನಡೀವಲ್ದು ಅಂತ ಹೇಳ್ರಿ ಸಾಹೇಬ್ರ. ಪ್ರಾಚಿ ಮೇಡಂ ಲೈನಿನ್ಯಾಗ ಅದಾರ, ನೋಡ್ಲಿಕತ್ತೀವಿ."

ಪ್ರಾಚಿ ಈ ಪ್ರೋಗ್ರಾಂ ಬರೆದವರು. ಮನೆತನ ಧಾರವಾಡದ್ದು, ಈಗ ಪುಣೆಯ ವಿಮಾನ ನಗರದಲ್ಲಿ ಮನೆ, ಅಲ್ಲೇ ಹತ್ತಿರದ ಕಚೇರಿಯೊಂದರಲ್ಲಿ ಕೆಲಸ. ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಒಂದಿಷ್ಟೂ ಸಿಡುಕದೆ ಫೋನಿನಲ್ಲಿ ಮಾತಾಡುತ್ತಿದ್ದಾರೆ. ಸ್ಪೀಕರಿನಿಂದ ಅವರ ದನಿ ಕ್ಯಾಬಿನ್ನಿನ ತುಂಬ ಕೇಳುತ್ತಿದೆ.

"ಪ್ರೋಗ್ರಾಂ ಕೆಟ್ಟಿಲ್ಲ ಶಿವಕಾಂತಾ, ಅಂಜಬ್ಯಾಡ. ಅಕ್ಷರಕ್ಕ ಬಣ್ಣ ಹಚ್ಚೋ ತುಂಡು ಬ್ಯಾರೆನೇ ಅದ. ಹಳೇ ಮಶೀನಿಗೆ ಅದನ್ನ ನಾನೇ ಬಂದು ಹಾಕಿದ್ದೆ. ಈ ಮಶೀನಿನೊಳಗ ಅದು ಇಲ್ಲ. ಫ್ಲಾಪಿಯೊಳಗೂ ಇಲ್ಲ, ಅದರಾಗ ಇರೋದು ಬರೇ ನಾ ಬರದದ್ದು."

ನನ್ನಂಥ ಗಮಾರನಿಗೆ ಅರ್ಥವಾದದ್ದು ಹೀಗೆ. ಸಾರು ಮಾಡುವ ಕ್ರಮದಲ್ಲಿ 'ಡಬ್ಬಿಯಿಂದ ಉಪ್ಪು ತೆಗೆದು ಹಾಕಿ' ಎಂದು ಬರೆದಿದೆ. ಹೊಸ ಮನೆಯ ಅಡುಗೆಮನೆಯಲ್ಲಿ ಆ ಡಬ್ಬಿಯೇ ಇಲ್ಲ. ಅಡುಗೆಯವನು ಹಠಮಾರಿ, ಉಪ್ಪು ಸಿಗುವ ತನಕ ಒಲೆಯನ್ನೇ ಹೊತ್ತಿಸುವುದಿಲ್ಲ ಎಂದು ಕೂತಿದ್ದಾನೆ.

ಶಿವಕಾಂತಾ ಕಂಪ್ಯೂಟರಿನ ಮೂಲೆ ಮೂಲೆಯನ್ನು ಜಾಲಾಡುವ ಆಜ್ಞೆ ಬರೆದು ಒತ್ತುತ್ತಾರೆ. ಒಳಗೆ ಏನೋ ಕಟಕಟ ಸದ್ದು. "ಎಲ್ಲೆಲ್ಲಿ ಹುಡುಕೀನಿ ಅಂತ ಅದೇ ಹೇಳ್ಯಾದ್ರಿ, ಪಾಪ" ಎನ್ನುತ್ತಾ ಪರದೆಯ ಸಾಲಿನ ಮೇಲೆ ಬೆರಳಾಡಿಸುತ್ತಾರೆ. "ಇಲ್ಲಿ ನೋಡಿದೆ, ಇಲ್ಲಿ ನೋಡಿದೆ, ಇಲ್ಲಿ ನೋಡಿದೆ, ಎಲ್ಲೂ ಇಲ್ಲ ಅಂತದ. ಬ್ಯಾರೆ ಕಡೆ ಏನರ ಬಿದ್ದದನು ಅಂತ ನಾ ನೋಡ್ಲಿಕತ್ತೀನಿ."

ಆ ಕಟಕಟ ಮುಗಿಯುವಷ್ಟರಲ್ಲಿ ಇವರ ಪರಿಚಯ ಹೇಳಿಬಿಡುತ್ತೇನೆ. ಶಿವಕಾಂತಾ ಗುಲಬರ್ಗಾ ಜಿಲ್ಲೆಯ ಯಾದಗಿರಿ ಕಡೆಯ ಹಳ್ಳಿಯವರು. ತಂದೆ ಭೀಮಣ್ಣ, ತಾಯಿ ಸಾಬವ್ವ ಗಾರೆ ಕೆಲಸ ಹುಡುಕಿಕೊಂಡು 1994ರಲ್ಲಿ ಇಲ್ಲಿಗೆ ಬಂದಾಗ ಈ ಕಾರ್ಖಾನೆ ಇನ್ನೂ ಪಾಯದಲ್ಲಿತ್ತು. ಈಗ ಮಗಳು ಕೂರುವ ಕ್ಯಾಬಿನ್ನಿನ ಗೋಡೆಗೆ ಇಟ್ಟಿಗೆ ಹೊತ್ತವರಲ್ಲಿ ಸಾಬವ್ವನೂ ಒಬ್ಬರು. ಕಟ್ಟಡ ಮುಗಿದ ಮೇಲೆ ಭೀಮಣ್ಣ ಚಾಕಣದಲ್ಲಿ ಏಳುತ್ತಿದ್ದ ಕಾರು ಕಾರ್ಖಾನೆಗಳ ಕಡೆ ಹೋದರು, ವಾರಕ್ಕೊಮ್ಮೆ ಮನೆಗೆ ಬರುತ್ತಾರೆ. ಸಾಬವ್ವ ಇಲ್ಲೇ ಉಳಿದು ಖಾಲಿ ಡ್ರಮ್ಮು ತೊಳೆಯುವ ಕೆಲಸಕ್ಕೆ ಸೇರಿದರು.

ಶಿವಕಾಂತಾ ಊರಲ್ಲಿ ನಾಲ್ಕನೇ ತರಗತಿವರೆಗೆ ಕನ್ನಡ ಓದಿದ್ದರು. ಇಲ್ಲಿ ಬಂದು ಮರಾಠಿ ಶಾಲೆಗೆ ಸೇರಿಸಿದರು. "ಮೊದಲನೇ ವರ್ಷ ಬಾಯಿನೇ ಬಿಡಲಿಲ್ರಿ ನಾ. ಹುಡುಗ್ಯಾರು ಮೂಕಿ ಅಂತಿದ್ರು. ಗಣಿತದಾಗ ಮಾತು ಬೇಕಾಗಿಲ್ಲಲ್ಲ, ಅದರಾಗ ಪಾಸಾದೆ" ಎಂದು ಮುಂಚೆಯೊಮ್ಮೆ ಫೋನಿನಲ್ಲಿ ನನಗೆ ಹೇಳಿದ್ದರು. ಹತ್ತನೇ ತರಗತಿ ಮುಗಿಸಿ ಇದೇ ಕಾರ್ಖಾನೆಯಲ್ಲಿ ಪುಡಿ ತುಂಬಿದ ಚೀಲಗಳಿಗೆ ಚೀಟಿ ಅಂಟಿಸಿದರು. ಪಾಳಿ ಮುಗಿಸಿ ಹತ್ತಿರದ ದೌಂಡಿನ ಕಂಪ್ಯೂಟರು ಕ್ಲಾಸಿಗೆ ಹೋಗುತ್ತಿದ್ದರು, ಬಟ್ಟೆಯ ಮೇಲಿನ ರಾಸಾಯನಿಕದ ವಾಸನೆಗೆ ಪಕ್ಕದವರು ಕುರ್ಚಿ ದೂರ ಎಳೆದುಕೊಂಡು ಕೂರುತ್ತಿದ್ದರಂತೆ. ಕ್ಯಾಬಿನ್ನಿನಲ್ಲಿ ಜಾಗ ಖಾಲಿಯಾದಾಗ ಪಂಢರಿನಾಥರೇ ಇವರ ಹೆಸರು ಹೇಳಿದರು. ಅದಾಗಿ ಮೂರು ವರ್ಷ. ಸಂಬಳದ ಜೊತೆಗೆ ತಲೆನೋವಿನ ಗುಳಿಗೆಯೂ ಕಾಯಂ ಆಗಿದೆ ಎಂದು ತಮ್ಮನ್ನು ತಾವೇ ಆಡಿಕೊಳ್ಳುತ್ತಾರೆ.

ಕಟಕಟ ನಿಲ್ಲುತ್ತದೆ. ಪರದೆಯ ಮೇಲೆ ಏನೂ ಬರುವುದಿಲ್ಲ.

"ಇಲ್ರಿ ಮೇಡಂ, ಎಲ್ಲೂ ಇಲ್ಲ."

"ಹಂಗಾರ ಒಂದ್ ಕೆಲಸ ಮಾಡೋಣು" ಎಂದು ಪ್ರಾಚಿ ಯೋಚಿಸಿ ಹೇಳುತ್ತಾರೆ. "ಆ ತುಂಡು ನಾ ಆಫೀಸಿಗೆ ಹೋಗಿ ಮೇಲ್ ಮಾಡ್ತೀನಿ. ಅಲ್ಲೀತನಕ ಬಣ್ಣ ಕರೆಯೋ ಸಾಲಿನ ಮುಂದ ಗುರುತು ಹಾಕಿ ಅದನ್ನ ಮುಚ್ಚಿಬಿಡು. ಲೆಕ್ಕ ಏನೂ ಬದಲಾಗಂಗಿಲ್ಲ. ಅಕ್ಷರ ಬೆಳ್ಳಗ ಬರ್ತಾವ ಅಷ್ಟೇ. ನೀ ಅಂತೂ ನಂಬರ್ ನೋಡ್ತೀ."

ಶಿವಕಾಂತಾ ಪ್ರೋಗ್ರಾಮಿನ ಹೊಟ್ಟೆ ಬಿಚ್ಚುತ್ತಾರೆ. ಬಣ್ಣ ಎಂಬ ಮಾತು ಬಂದ ಒಂದೊಂದು ಸಾಲನ್ನೂ ಹುಡುಕಿ ಮುಚ್ಚುತ್ತಾ, ಪ್ರಾಚಿಗೆ ಓದಿ ಹೇಳುತ್ತಾ, ಅವರು ಹೂಂ ಎಂದ ಮೇಲೆ ಮುಂದಕ್ಕೆ ಹೋಗುತ್ತಾರೆ. ಪಂಢರಿನಾಥ ಅವರ ಬೆನ್ನ ಹಿಂದೆ ನಿಂತು ಪೆನ್ನಿನ ಗುಂಡಿಯನ್ನು ಒತ್ತುತ್ತಲೇ ಇದ್ದಾರೆ. ಆ ಟಿಕ್ ಟಿಕ್ ಕೇಳಿ ನನಗೇ ತಲೆ ಚಿಟ್ಟು ಹಿಡಿಯುತ್ತಿದೆ. ಕೊನೆಗೊಮ್ಮೆ ಶಿವಕಾಂತಾ ದೊಡ್ಡ ಕೀಲಿ ಒತ್ತುತ್ತಾರೆ.

ಐದು ಸಾಲು. ಐದೂ ಬಿಳಿ. ಪ್ರೋಗ್ರಾಂ ಓಡುತ್ತಿದೆ.

"ಶಾಬಾಸ್!" ಎಂದು ಪಂಢರಿನಾಥ ಮೇಜು ಗುದ್ದಿ, ಪಾಳಿಯನ್ನು ಒಳಗೆ ಬಿಡಲು ಗೇಟಿನತ್ತ ದೌಡಾಯಿಸುತ್ತಾರೆ. ಪ್ರಾಚಿ "ಛಲೋ ಆತು, ಒಂದೀಟು ಚಾ ಕುಡಿ ಈಗ" ಎಂದು ಫೋನಿಡುತ್ತಾರೆ. ಶಿವಕಾಂತಾ ಮೊದಲ ಬಾರಿಗೆ ಕುರ್ಚಿಯಲ್ಲಿ ಕೂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ನನ್ನತ್ತ ನೋಡಿ ನಗುತ್ತಾರೆ. ಸಂಪಾದಕರ ಫೋಟೋ ಇಗೋ ಬಂತು ಎಂದು ನಾನು ಚೀಲಕ್ಕೆ ಕೈ ಹಾಕುತ್ತೇನೆ. ಹಾಗೇ ಮಾತಿಗೆಂದು ಕೇಳುತ್ತೇನೆ, ತಾಯಿಯವರು ಯಾವ ಷೆಡ್ಡಿನಲ್ಲಿ?

"ಮೂರನೇದರಾಗ್ರಿ. ಈಗ ಇದೇ ಹಾದಿಲೇ ಬರ್ತಾಳ. ದಿನಾ ಇಲ್ಲಿ ಕಾಚಿನಾಗ ಹಣಿಕಿ ಹಾಕಿ, ಬಣ್ಣ ನೋಡಿ..."

ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಮುಖದ ಮೇಲಿನ ನಗು ಹಾಗೇ ಉಳಿದಿದೆ, ಕಣ್ಣುಗಳಲ್ಲಿ ಮಾತ್ರ ಇಲ್ಲ.

ಈ ಪದ್ಧತಿ ಕಾರ್ಖಾನೆಯ ನಿಯಮದ ಪುಸ್ತಕದಲ್ಲಿ ಎಲ್ಲೂ ಬರೆದಿಲ್ಲವಂತೆ. ಅವರು ಕಾಚು ಎಂದದ್ದು ಕ್ಯಾಬಿನ್ನಿನ ದೊಡ್ಡ ಗಾಜನ್ನು, ಷೆಡ್ಡುಗಳಿಗೆ ಹೋಗುವ ದಾರಿ ಅದರ ಪಕ್ಕದಲ್ಲೇ ಹಾಯುತ್ತದೆ. ದಾರಿಯ ಕಡೆ ಓರೆಯಾಗಿ ಇಟ್ಟ ಪರದೆ ಹೊರಗಿನವರಿಗೂ ಕಾಣುತ್ತದೆ. ಕೂಲಿಗಳಲ್ಲಿ ಹೆಚ್ಚಿನವರು ಯಾದಗಿರಿ, ಸುರಪುರ ಕಡೆಯ ನಮ್ಮವರು, ಅಕ್ಷರ ಬಾರದವರು. ಅವರಿಗೆ ಇಂಗ್ಲಿಷ್ ಅಂಕಿಯ ಗೊಡವೆಯಿಲ್ಲ, ಆದರೆ ಮೇಲಿಂದ ಎಷ್ಟನೇ ಸಾಲು ತಮ್ಮ ಷೆಡ್ಡಿನದು ಎಂಬುದು ಗೊತ್ತು. ಒಳಗೆ ಹೋಗುವ ಮುನ್ನ ಗಾಜಿನಲ್ಲಿ ಹಣಿಕಿ ನೋಡುತ್ತಾರೆ. ಹಳದಿಯೋ ಕೆಂಪೋ ಕಂಡರೆ ನಿಲ್ಲುತ್ತಾರೆ, ಕಾಣದಿದ್ದರೆ ಹೋಗುತ್ತಾರೆ. ಹಸಿರನ್ನು ಯಾರೂ ಹುಡುಕುವುದಿಲ್ಲ. ಕೆಂಪಿಲ್ಲ, ಹಳದಿಯಿಲ್ಲ ಎಂಬುದನ್ನಷ್ಟೇ ನೋಡಿ ಅವರಿಗೆ ರೂಢಿ. ಬಿಳಿ ಅಕ್ಷರ ಕಂಡರೆ ಅವರ ಲೆಕ್ಕಕ್ಕೆ ಎಲ್ಲವೂ ಸರಿ.

ಗಾಜಿನಾಚೆ ಹೆಂಗಸರ ಗುಂಪೊಂದು ಬುತ್ತಿ ಚೀಲ ತೂಗಾಡಿಸುತ್ತಾ ಹಾದುಹೋಗುತ್ತಿದೆ. ನೀಲಿ ಸೀರೆಯ ಹೆಂಗಸೊಬ್ಬರು ಗಾಜಿನ ಹತ್ತಿರ ಬಂದು, ಹಣೆಗೆ ಕೈ ಅಡ್ಡ ಹಿಡಿದು ಒಳಗೆ ಇಣುಕುತ್ತಾರೆ, ತಲೆ ಆಡಿಸಿ ಮುಂದಕ್ಕೆ ಹೋಗುತ್ತಾರೆ.

"ಅವ್ವ!" ಎಂದು ಶಿವಕಾಂತಾ ಎದ್ದು ಗಾಜು ಬಡಿಯುತ್ತಾರೆ. ಸಾಬವ್ವ ಅಷ್ಟರಲ್ಲಿ ಬೆನ್ನು ತಿರುಗಿಸಿದ್ದಾರೆ. ಹಿಂದಿದ್ದ ಒಬ್ಬಾಕೆ ಮಾತ್ರ ನೋಡಿ, ಮಗಳು ತಾಯಿಯನ್ನು ಮಾತಾಡಿಸುತ್ತಿದ್ದಾಳೆಂದುಕೊಂಡು ನಗುತ್ತಾ ಕೈ ಬೀಸುತ್ತಾಳೆ. ದಪ್ಪ ಗಾಜು, ಮಾತು ಹೊರಗೆ ಹೋಗುವುದಿಲ್ಲ. ಶಿವಕಾಂತಾ ಪರದೆಯತ್ತ ತಿರುಗುತ್ತಾರೆ. ಮೂರನೇ ಸಾಲು ಈಗಷ್ಟೇ ಹತ್ತು ದಾಟಿ ಹನ್ನೊಂದಕ್ಕೆ ಬಂದಿದೆ. ಹಳದಿಯಾಗಬೇಕಿದ್ದ ಸಾಲು ಉಳಿದ ನಾಲ್ಕರ ಜೊತೆ ಬೆಳ್ಳಗೆ ಕೂತಿದೆ.

ಫೋನೆತ್ತಿ ಮೂರನೇ ಷೆಡ್ಡಿಗೆ ಹಚ್ಚುತ್ತಾರೆ. ಅಲ್ಲಿ ಗಂಟೆ ಹೊಡೆದುಕೊಳ್ಳುತ್ತಲೇ ಇದೆ, ಎತ್ತುವವರಿಲ್ಲ. ಡ್ರಮ್ಮು ತೊಳೆಯುವುದು ಹಗಲಿನಲ್ಲಿ ಮಾತ್ರ, ಇಡೀ ರಾತ್ರಿ ಆ ಷೆಡ್ಡು ಖಾಲಿ. ಈಗ ಒಳಗೆ ಹೋದವರಿಗೆ ಫೋನು ಇರುವ ಮೂಲೆಗೆ ಹೋಗುವ ರೂಢಿಯೇ ಇಲ್ಲ. ಸಾಲು ಹದಿಮೂರಕ್ಕೆ ಏರುತ್ತದೆ. ಗೇಟಿಗೆ ಹಚ್ಚುತ್ತಾರೆ. ಇನ್ನೂ ಇಪ್ಪತ್ತು ಆಗಿಲ್ಲ, ಪಂಢರಿನಾಥ ಸಾಹೇಬರನ್ನು ಕೇಳದೆ ಭೋಂಗಾ ಊದಿಸಲಾಗದು ಎನ್ನುತ್ತಾನೆ ಅಲ್ಲಿನವನು. ಸಾಹೇಬರೆಲ್ಲಿ? ಪಾಳಿಯವರ ಜೊತೆ ಒಳಗೆ ಬರುತ್ತಿದ್ದಾರೆ, ಹಾದಿಯಲ್ಲಿದ್ದಾರೆ. "ಉಳಿದವರನ್ನ ಅಲ್ಲೇ ನಿಲ್ಲಸ್ರಿ, ಯಾರನ್ನೂ ಬಿಡಬ್ಯಾಡ್ರಿ!" ಎಂದು ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ ಕೂಗಿ ಫೋನು ಕುಕ್ಕುತ್ತಾರೆ. ಹದಿನಾಲ್ಕು.

ನಾನು ಓಡಿಹೋಗಿ ಹೇಳಲೇ ಎನ್ನುತ್ತೇನೆ. "ಎಲ್ಲಿಗಿ ಓಡ್ತೀರಿ, ನಿಮಗ ಷೆಡ್ಡೇ ಗೊತ್ತಿಲ್ಲ" ಎನ್ನುತ್ತಾರೆ. ಅವರು ತಾವೇ ಓಡುವಂತಿಲ್ಲ, ಐದು ಷೆಡ್ಡುಗಳ ಮೇಲೆ ಕಣ್ಣಿಟ್ಟಿರುವವರು ಅವರೊಬ್ಬರೇ. ಒಂದು ಕ್ಷಣ ಕ್ಯಾಬಿನ್ನಿನ ಸುತ್ತ ನೋಡುತ್ತಾರೆ. ಮೂಲೆಯಲ್ಲಿ ಸುಟ್ಟುಹೋದ ಹಳೆಯ ಕಂಪ್ಯೂಟರು ಇದೆ. ಅದರ ಮೇಲೆ ಮಡಚಿಟ್ಟ ಹೊದಿಕೆ. ಧೂಳು ಕೂತರೆ ಮಗಳ ಮಶೀನು ಕೆಡುತ್ತದೆಂದು ಸಾಬವ್ವ ತಮ್ಮ ಹಳೆಯ ಸೀರೆ ಹರಿದು, ಸುತ್ತಲೂ ಝಾಲರು ಇಟ್ಟು ಹೊಲಿದುಕೊಟ್ಟದ್ದು. ಸೀರೆ ಕೆಂಪು.

"ಸರ್, ಆ ಬಟ್ಟಿ ತಗೊಂಡು ಕಾಚಿಗೆ ಹಿಡೀರಿ! ಅಗಲ ಮಾಡಿ ಹಿಡೀರಿ!"

ಹಿಡಿಯುತ್ತೇನೆ. "ಮ್ಯಾಲ! ಇನ್ನೂ ಮ್ಯಾಲ!" ಸಿಕ್ಕಿಸಲು ಗೋಡೆಗೆ ಒಂದು ಮೊಳೆಯೂ ಇಲ್ಲ. ಎರಡೂ ಕೈ ಎತ್ತಿ ಬಟ್ಟೆಯನ್ನು ಗಾಜಿಗೆ ಒತ್ತಿಕೊಂಡು ನಿಲ್ಲುತ್ತೇನೆ, ಅದರ ಅಂಚಿನಿಂದ ಹೊರಗೆ ಇಣುಕುತ್ತೇನೆ. ಎರಡನೇ ಗುಂಪು ಬರುತ್ತಿದೆ. ಬೊಜ್ಜು ಹೊಟ್ಟೆಯ ಅಪರಿಚಿತನೊಬ್ಬ ಝಾಲರಿನ ಬಟ್ಟೆ ಹಿಡಿದು ನಿಂತದ್ದು ಕಂಡು ಅವರಿಗೆ ನಗು ತಡೆಯಲಾಗುತ್ತಿಲ್ಲ. ಒಬ್ಬ ನನ್ನಂತೆಯೇ ಕೈ ಎತ್ತಿ ಅಣಕಿಸುತ್ತಾನೆ. ಅವರ ಮುಂದಾಳು ಮುಕಾದಮ ಧರ್ಮಣ್ಣನೂ ನಗುತ್ತಲೇ ಹತ್ತಿರ ಬರುತ್ತಾನೆ. ಬಂದವನು ಗಾಜಿನ ಮುಂದೆ ನಿಂತು, ಬಟ್ಟೆಯನ್ನೇ ನೋಡುತ್ತಾನೆ.

ಆಮೇಲೆ ಅವನ ಕೈಯಿಂದ ಬುತ್ತಿ ಜಾರಿ ನೆಲಕ್ಕೆ ಬೀಳುತ್ತದೆ.

ದಾರಿಬದಿಯ ಬೇವಿನ ಮರಕ್ಕೆ ರೈಲು ಹಳಿಯ ತುಂಡೊಂದು ನೇತುಬಿಟ್ಟಿದ್ದಾರೆ. ಕಟ್ಟಡ ಏಳುವಾಗ ಊಟದ ಹೊತ್ತಿಗೆ ಬಾರಿಸುತ್ತಿದ್ದದ್ದು. ಗಾಜಿನಲ್ಲಿ ಕೆಂಪು ಕಂಡವರು ಮೊದಲು ಅದನ್ನು ಬಾರಿಸಬೇಕು, ಕೇಳಿದವರೆಲ್ಲ ಷೆಡ್ಡು ಬಿಟ್ಟು ಹೊರಗೆ ಬರಬೇಕು ಎಂಬುದು ಈ ಜನರೇ ಮಾಡಿಕೊಂಡ ಕಟ್ಟಳೆ. ಧರ್ಮಣ್ಣ ಕಲ್ಲೆತ್ತಿಕೊಂಡು ಹಳಿಗೆ ಬಡಿಯುತ್ತಾನೆ. ಬಡಿಯುತ್ತಲೇ ಇರುತ್ತಾನೆ. ದಪ್ಪ ಗಾಜಿನೊಳಗೂ ಆ ಸದ್ದು ಹಲ್ಲಿಗೆ ತಾಗುತ್ತದೆ.

"ಬಂದ್ರಾ ಸರ್?" ಶಿವಕಾಂತಾ ಹೊರಗೆ ನೋಡುತ್ತಿಲ್ಲ. ಅವರ ಕಣ್ಣು ಮೂರನೇ ಸಾಲಿನ ಮೇಲಿದೆ, ಒಂದು ಕೈ ಫೋನಿನ ಮೇಲಿದೆ. ಹದಿನಾರು.

"ಅಲ್ಲೊಂದು ಬಾಗಿಲಿನಿಂದ ಇಬ್ಬರು ಬಂದ್ರು. ಮೂಗಿಗೆ ಸೆರಗು ಹಿಡಿದಿದ್ದಾರೆ."

"ನೀಲಿ ಸೀರಿ?"

"ಇಲ್ಲ."

"ಅಕಿ ಎಲ್ಲಾರಿಗಿಂತ ಒಳಗ ಇರ್ತಾಳ್ರಿ, ಡ್ರಮ್ಮಿನ ಹಂತ್ಯಾಕ." ಹದಿನೇಳು. "ಈಗ?"

"ಇನ್ನೂ ಮೂರು ಜನ. ನೀಲಿ ಇಲ್ಲ."

ಅವರ ದನಿ ತೀರಾ ಮೆಲ್ಲಗಾಗುತ್ತದೆ. "ಈಗರ?"

ಇಲ್ಲ ಎಂಬ ಮಾತನ್ನು ಇನ್ನೊಮ್ಮೆ ಹೇಳುವುದು ನನ್ನಿಂದಾಗುತ್ತಿಲ್ಲ. ಸುಳ್ಳು ಹೇಳಲೂ ಆಗುತ್ತಿಲ್ಲ. ಹದಿನೆಂಟು ಎಂದು ಅವರೇ ಗಟ್ಟಿಯಾಗಿ ಓದುತ್ತಾರೆ. ಧರ್ಮಣ್ಣ ಕಲ್ಲು ಎಸೆದು ಷೆಡ್ಡಿನತ್ತ ಓಡುತ್ತಾನೆ. ಎದುರಿನಿಂದ ಪಂಢರಿನಾಥರೂ ಓಡಿ ಬರುತ್ತಾರೆ. ಷೆಡ್ಡಿನ ಬಾಗಿಲಿನಿಂದ ಇಬ್ಬರು ಹೆಂಗಸರು ಒಬ್ಬರನ್ನು ತೋಳು ಹಿಡಿದು ನಡೆಸಿಕೊಂಡು ಹೊರಗೆ ಬರುತ್ತಾರೆ. ನಡುವಿನವರದು ನೀಲಿ ಸೀರೆ.

"ಬಂದರು! ಬಂದರು ತಾಯಿ!"

ಶಿವಕಾಂತಾ ತಿರುಗಿ ನೋಡುವುದಿಲ್ಲ. ಇಪ್ಪತ್ತು ದಾಟಿದ್ದೇ ಗೇಟಿಗೆ ಹಚ್ಚಿ, ಷೆಡ್ಡಿನ ನಂಬರು ಹೇಳಿ, ಹೇಳಿದ್ದನ್ನು ಅವನ ಬಾಯಿಂದ ಮತ್ತೆ ಹೇಳಿಸಿ ಫೋನಿಡುತ್ತಾರೆ. ಭೋಂಗಾ ಊದಲು ಶುರುವಾದ ಮೇಲೆ ಕುರ್ಚಿಯ ತೋಳನ್ನು ಹಿಡಿದುಕೊಂಡು ಅಳುತ್ತಾರೆ. ಅಳುವಾಗಲೂ ಪರದೆಯನ್ನೇ ನೋಡುತ್ತಿರುತ್ತಾರೆ. ನಾನೂ ಅಳುತ್ತೇನೆ, ಅದನ್ನು ಮುಚ್ಚಿಟ್ಟು ಏನಾಗಬೇಕು.

ನಡೆದದ್ದು ಇಷ್ಟು ಎಂದು ಪಂಢರಿನಾಥ ಆಮೇಲೆ ಹೇಳುತ್ತಾರೆ. ಕಂಪ್ಯೂಟರನ್ನು ಸುಟ್ಟ ಕರೆಂಟಿನ ಝಟ್ಕಾವೇ ಮೂರನೇ ಷೆಡ್ಡಿನಲ್ಲಿ ಗಾಳಿ ಎಳೆಯುವ ಫ್ಯಾನನ್ನೂ ನಿಲ್ಲಿಸಿದೆ. ತೊಳೆಯಲೆಂದು ಮುಚ್ಚಳ ತೆಗೆದಿಟ್ಟ ಡ್ರಮ್ಮುಗಳ ಆವಿ ಒಳಗೇ ತುಂಬಿಕೊಂಡಿದೆ. ಹೆಂಗಸರು ಒಳಗೆ ಹೋಗಿ ಡ್ರಮ್ಮು ಉರುಳಿಸಿ, ತಳದಲ್ಲಿ ಉಳಿದದ್ದನ್ನು ಚೆಲ್ಲಿದಾಗ ಆವಿ ಇನ್ನಷ್ಟು ಎದ್ದಿದೆ. ಇನ್ನು ಸ್ವಲ್ಪ ಹೊತ್ತಿಗೆ ಯಾರಾದರೂ ನೀರಿನ ಪಂಪು ಚಾಲೂ ಮಾಡುತ್ತಿದ್ದರು, ಆ ಸ್ವಿಚ್ಚಿನ ಒಂದು ಕಿಡಿ ಸಾಕಿತ್ತು. ಇದನ್ನು ಹೇಳುವಾಗ ಅವರ ಕೈಯ ಪೆನ್ನು ಸುಮ್ಮನಿದೆ.

ಸಾಬವ್ವ ಬೇವಿನ ಕಟ್ಟೆಯ ಮೇಲೆ ಕೂತಿದ್ದಾರೆ. ಡಾಕ್ಟರು ನೋಡಿ ಹೋಗಿದ್ದಾರೆ, ತಲೆ ಸುತ್ತುವುದು ನಿಂತಿದೆ. ಎಂಥ ಗಟ್ಟಿ ಜೀವ! ನಾನು ಹತ್ತಿರ ಹೋದರೆ ಗದರುತ್ತಾರೆ.

"ನನ್ನ ಬಟ್ಟಿ ಕೊಳಿ ಮಾಡಿದ್ಯೇನಪ್ಪಾ ನೀನು? ಒಗದು ಇಸ್ತ್ರಿ ಮಾಡಿ ಕೊಟ್ಟಿದ್ದೆ ನಾ."

ಹತ್ತು ಗಂಟೆಯ ಸುಮಾರಿಗೆ ಕಾರ್ಖಾನೆಯ ಆಫೀಸಿನ ಇಂಟರ್ನೆಟ್ಟಿಗೆ ಪ್ರಾಚಿಯ ಮೇಲ್ ಬರುತ್ತದೆ. ಟೆಲಿಫೋನಿಗೆ ಜೋಡಿಸಿದ ಮೋಡೆಮ್ಮು ಕೊಯ್ಯಂ ಕೊಯ್ಯಂ ಎಂದು ಕಿರುಚಿ ಕಿರುಚಿ ಆ ಪುಟ್ಟ ತುಂಡನ್ನು ಇಳಿಸುತ್ತದೆ. ಅದನ್ನು ಫ್ಲಾಪಿಗೆ ಹಾಕಿಕೊಂಡು ಪಂಢರಿನಾಥ ಕ್ಯಾಬಿನ್ನಿಗೆ ತರುತ್ತಾರೆ, ಶಿವಕಾಂತಾ ಅದನ್ನು ಇಳಿಸಿ ಮುಚ್ಚಿದ ಸಾಲುಗಳನ್ನು ಒಂದೊಂದಾಗಿ ತೆರೆಯುತ್ತಾರೆ. ಓಡಿಸಿದರೆ ಬೆಳಗಿನ ಅದೇ ತಕರಾರು, ಸಿಗುತ್ತಿಲ್ಲ. ಈಗ ಅವರಿಗೆ ಅವಸರವಿಲ್ಲ. ಅದು ಹುಡುಕುವ ಜಾಗಗಳ ಹೆಸರನ್ನು ನಿಧಾನವಾಗಿ ಓದಿ, ತಾವು ಆ ತುಂಡನ್ನು ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲಿ ಇಟ್ಟದ್ದನ್ನು ಕಂಡುಕೊಂಡು, ಎತ್ತಿ ಸರಿಯಾದ ಕೋಣೆಗೆ ಹಾಕುತ್ತಾರೆ. ಬಾಗಿಲು ತೆರೆದಿಟ್ಟ ಮೂರನೇ ಷೆಡ್ಡಿನ ಆವಿಯೂ ಅಷ್ಟರಲ್ಲಿ ಇಳಿದಿದೆ, ಐದು ಸಾಲುಗಳೂ ಹಸಿರಾಗಿ ಮೂಡುತ್ತವೆ. ಗಾಜಿನಾಚೆ ನಿಂತು ನೋಡುತ್ತಿದ್ದವರೆಲ್ಲ ಹೋ ಎನ್ನುತ್ತಾರೆ.

"ಶಿವಕಾಂತಾ, ನಾ ಇನ್ನೊಂದು ಮಾಡಿಕೊಡ್ತೀನಿ" ಎನ್ನುತ್ತಾರೆ ಪ್ರಾಚಿ ಫೋನಿನಲ್ಲಿ. ಅವರ ದನಿಯೂ ಸಣ್ಣಗಾಗಿದೆ. "ಮುಂದ ಎಂದರ ಈ ತುಂಡು ಸಿಗಲಿಲ್ಲಂದ್ರ ಪ್ರೋಗ್ರಾಂ ನಿಲ್ಲಬಾರದು, ಬೆಳ್ಳಗರ ಓಡಬೇಕು, ಹಂಗ ಬರದು ಕಳಸ್ಲಿ?"

"ಬ್ಯಾಡ್ರಿ ಮೇಡಂ. ಬಣ್ಣ ಇಲ್ಲಂದ್ರ ಅದು ನಿಂತೇ ಬಿಡ್ಲಿ."

"ಖರೆ ಅದ" ಎನ್ನುತ್ತಾರೆ ಪ್ರಾಚಿ. "ನಿನ್ನ ಕಣ್ಣಿಗೆ ಹಿತ ಆಗ್ಲಿ ಅಂತ ಬಣ್ಣ ಹಾಕಿದ್ದೆ ನಾ. ಹೊರಗಿನವ್ರು ನೋಡಿಕೊಂಡು ಹೋಗ್ತಾರ ಅಂತ ಗೊತ್ತಿರಲಿಲ್ಲ."

"ನನಗ ಗೊತ್ತಿತ್ತಲ್ರಿ ಮೇಡಂ. ಗೊತ್ತಿದ್ದೂ ನೆನಪಾಗಲಿಲ್ಲ. ಪರದೆ ನನ್ನ ಕಡೆ ಇತ್ತು, ನಂಬರು ನಾ ಓದ್ತೀನಿ, ಅಷ್ಟೇ ತಲ್ಯಾಗ ಇತ್ತು."

ಬೆಳಗ್ಗೆ ಎಲ್ಲರೂ ಶಪಿಸಿದ್ದ ಆ ಹಠಮಾರಿ ತಕರಾರು ಈಗ ನನಗೆ ಬೇರೆಯಾಗಿ ಕಾಣುತ್ತದೆ. ಬಣ್ಣವಿಲ್ಲದೆ ನಡೆಯಲಾರೆ ಎಂದು ಅದು ಕೂತದ್ದು ಸರಿಯಾಗಿಯೇ ಇತ್ತು. ಗಡಿಬಿಡಿಯಲ್ಲಿ ಅದರ ಬಾಯಿ ಮುಚ್ಚಿಸಿದವರು ನಾವು, ಮುಚ್ಚಿಸಿದಾಗ ಮನಸ್ಸಿನಲ್ಲೇ ಶಾಬಾಸ್ ಎಂದವನು ನಾನೂ.

ಹೊರಡುವಾಗ ಪದ್ಧತಿಯಂತೆ ಕೇಳುತ್ತೇನೆ, ನಿಮಗೇನಾದರೂ ಆಸೆ ಇದೆಯೇ? ಹೊಸ ಕಂಪ್ಯೂಟರು ಎನ್ನಬಹುದು, ಬಡ್ತಿ ಎನ್ನಬಹುದು. ಶಿವಕಾಂತಾ ಗಾಜಿನ ಮೇಲ್ಭಾಗವನ್ನು ತೋರಿಸುತ್ತಾರೆ.

"ಅಲ್ಲೊಂದು ಮೊಳಿ ಬೇಕ್ರಿ. ನೀವು ದಿನಾ ಬಂದು ಕೈ ಎತ್ತಿಕೊಂಡು ನಿಂದ್ರಲಿಕ್ಕಾಗಂಗಿಲ್ಲಲ್ಲ."

ಮೂರು ವಾರದ ಬಳಿಕ ಫೋಟೋ ತೆಗೆಯಲೆಂದು ನಾನು ಮತ್ತೆ ಹೋಗುತ್ತೇನೆ. ಅದೇ ಬೆಳಗಿನ ಹೊತ್ತು, ಪಾಳಿ ಬದಲಾಗುತ್ತಿದೆ. ಗಾಜಿನ ಮುಂದೆ ದೊಡ್ಡ ಗುಂಪು ನಿಂತಿದೆ, ಒಬ್ಬರೂ ಷೆಡ್ಡಿನತ್ತ ಕದಲುತ್ತಿಲ್ಲ. ಏನೋ ಆಗಿದೆ ಎಂದು ನಾನು ಗಾಜಿನತ್ತ ಓಡುತ್ತೇನೆ. ಒಳಗೆ ಪರದೆಯಲ್ಲಿ ಐದೂ ಸಾಲು ಹಸಿರಾಗಿಯೇ ಇವೆ. ಪಂಢರಿನಾಥ ಗುಂಪಿನ ಮುಂದೆ ನಿಂತು ರೇಗುತ್ತಿದ್ದಾರೆ.

"ಎಲ್ಲಾ ಹಸಿರು ಅದ, ನಿಮಗ ಕಾ‍ಣಂಗಿಲ್ಲೇನು? ಹೊತ್ತಾತು, ನಡೀರಿ ಒಳಗ!"

ಎಲ್ಲರಿಗಿಂತ ಮುಂದೆ ನಿಂತವರು ಸಾಬವ್ವ. ಬುತ್ತಿ ಚೀಲವನ್ನು ನೆಲದ ಮೇಲಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು ಗಾಜಿನ ಮೇಲಿನ ಮೊಳೆಯನ್ನು ನೋಡುತ್ತಿದ್ದಾರೆ.

"ಮೊಳಿ ಖಾಲಿ ಅದರಿ ಸಾಹೇಬ್ರ. ನಾವು ಹೋಗಂಗಿಲ್ಲ."

ಆಗ ನನಗೆ ತಿಳಿಯುತ್ತದೆ, ಈ ಜನ ಹೊಸ ಕಟ್ಟಳೆ ಮಾಡಿಕೊಂಡಿದ್ದಾರೆ. ಸಾಬವ್ವ ಹಸಿರು ಬಟ್ಟೆಯಲ್ಲಿ ಇನ್ನೊಂದು ಹೊದಿಕೆ ಹೊಲಿದಿದ್ದಾರೆ. ಐದೂ ಸಾಲು ನೋಡಿ, ಬಣ್ಣವೂ ಅಂಕಿಯೂ ತಾಳೆಯಾದ ಮೇಲೆ ಶಿವಕಾಂತಾ ಅದನ್ನು ಮೊಳೆಗೆ ಹಾಕುತ್ತಾರೆ. ಹಸಿರು ಕಂಡರೆ ಹೋಗುವುದು, ಕೆಂಪು ಕಂಡರೆ ಹಳಿ ಬಾರಿಸುವುದು. ಏನೂ ಕಾಣದಿದ್ದರೆ ಯಾರು ಏನೇ ಅಂದರೂ ನಿಂತ ಜಾಗ ಬಿಡಕೂಡದು. ಇವತ್ತು ಶಿವಕಾಂತಾ ಈಗಷ್ಟೇ ಕುರ್ಚಿಗೆ ಬಂದಿದ್ದಾರೆ, ಇನ್ನೂ ನೋಡುತ್ತಿದ್ದಾರೆ.

ಅವರು ಒಂದೊಂದು ಸಾಲಿನ ಮೇಲೂ ಬೆರಳಿಟ್ಟು ಕೊನೆಯವರೆಗೆ ಓದುತ್ತಾರೆ. ಆಮೇಲೆ ಸ್ಟೂಲು ಹತ್ತಿ ಹಸಿರು ಬಟ್ಟೆಯನ್ನು ಮೊಳೆಗೆ ಹಾಕುತ್ತಾರೆ. ಸಾಬವ್ವ ಬುತ್ತಿ ಎತ್ತಿಕೊಂಡು ನಡೆಯುತ್ತಾರೆ, ಹಿಂದೆ ಇಡೀ ಗುಂಪು ನಡೆಯುತ್ತದೆ. ನಾನು ಒಳಗೆ ಹೋದಾಗ ಶಿವಕಾಂತಾ ನಗುತ್ತಿದ್ದಾರೆ. ಈ ಸಲ ಫೋಟೋ ತಪ್ಪಿಸಿಕೊಳ್ಳಲಿಲ್ಲ, ಪಕ್ಕದಲ್ಲಿ ಅಚ್ಚಾಗಿದೆ, ನೋಡಿ.

"ಸಾಹೇಬ್ರ ಕಡಿಂದ ಅಷ್ಟು ಬೈಸಿಕೊಂಡ್ರೂ ಒಬ್ರೂ ಒಳಗ ಹೋಗಲಿಲ್ಲ, ನೋಡಿದ್ರಲ್ಲ?" ಎನ್ನುತ್ತಾ ಅವರು ಪರದೆಗೆ ತಿರುಗುತ್ತಾರೆ. "ನಾ ನೋಡಿ ಹೇಳೋತನಕ ನಿಂದರ್ತಾರ್ರಿ."